49 ದಿನ ಬಾಳಿದ ಟ್ಯಾಬ್ಲೆಟ್ಟಿಗೆ ಮರುಜನ್ಮ

2011ರ ಜುಲೈ 1ರಂದು ಅಮೆರಿಕದ ಅಂಗಡಿಗಳಿಗೆ ಟಚ್‌ಪ್ಯಾಡ್ ಎಂಬ ಹೊಸ ಟ್ಯಾಬ್ಲೆಟ್ ಬಂತು. ತಯಾರಿಸಿದ್ದು ಸಣ್ಣಪುಟ್ಟ ಕಂಪನಿಯಲ್ಲ; ಪ್ರಿಂಟರು, ಕಂಪ್ಯೂಟರುಗಳಿಂದ ನಮ್ಮಲ್ಲೂ ಮನೆಮಾತಾಗಿರುವ ಎಚ್‌ಪಿ. 16 ಗಿಗಾಬೈಟ್ ಸಂಗ್ರಹವಿದ್ದುದಕ್ಕೆ ಸುಮಾರು 500 ಡಾಲರ್, 32 ಗಿಗಾಬೈಟಿನದಕ್ಕೆ ಸುಮಾರು 600 ಡಾಲರ್ ಬೆಲೆ. ಆದರೆ ಆಗಸ್ಟ್ 18ರಂದು ಅದೇ ಕಂಪನಿ, ಇನ್ನು ಈ ವ್ಯವಹಾರದಿಂದ ಹಿಂದೆ ಸರಿಯುವುದಾಗಿ ಸಾರಿಬಿಟ್ಟಿತು. ಹುಟ್ಟಿದ ದಿನ, ಹೋದ ದಿನ ಎರಡನ್ನೂ ಸೇರಿಸಿ ಎಣಿಸಿದರೆ ಟಚ್‌ಪ್ಯಾಡಿನ ಆಯುಸ್ಸು 49 ದಿನ.

ಉಳಿದ ದಾಸ್ತಾನನ್ನು 99 ಮತ್ತು 149 ಡಾಲರಿಗೆ ಮಾರಾಟಕ್ಕಿಟ್ಟದ್ದೇ ತಡ, ಜನ ಮುಗಿಬಿದ್ದರು. ತಯಾರಿಸಿದವರೇ ಕೈಬಿಟ್ಟ ಯಂತ್ರಕ್ಕೆ ಇಷ್ಟೊಂದು ನೂಕುನುಗ್ಗಲು ಏಕೆ? ಯಂತ್ರದಲ್ಲಿ ಅಂಥ ದೋಷವೇನೂ ಇರಲಿಲ್ಲ ಎಂಬುದೇ ಉತ್ತರ. 9.7 ಅಂಗುಲದ ತೆರೆ, 1.2 ಗಿಗಾಹರ್ಟ್ಸ್ ವೇಗದ ಎರಡು ಕೋರ್‌ಗಳ ಪ್ರೊಸೆಸರ್, 1 ಗಿಗಾಬೈಟ್ ರ‍್ಯಾಮ್. ಆ ಕಾಲಕ್ಕೆ ಇದು ಒಳ್ಳೆಯ ಸರಕೇ. ಕೊರತೆಯಿದ್ದುದು ಅದನ್ನು ನಡೆಸುವ ತಂತ್ರಾಂಶದ ಕಡೆ. ಎಚ್‌ಪಿ 2010ರಲ್ಲಿ ಪಾಮ್ ಎಂಬ ಕಂಪನಿಯನ್ನು 120 ಕೋಟಿ ಡಾಲರ್ ಕೊಟ್ಟು ಕೊಂಡಿತ್ತು. ಅದರೊಂದಿಗೆ ಬಂದ ವೆಬ್‌ಓಎಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯೇ ಟಚ್‌ಪ್ಯಾಡಿನ ಜೀವ. ನೋಡಲು ಚೆಂದ, ಬಳಸಲು ಸುಲಭ, ಆದರೆ ಅದಕ್ಕೆ ಸಿಗುತ್ತಿದ್ದ ಆ್ಯಪ್‌ಗಳು ಬಲು ಕಡಿಮೆ. ಕಂಪನಿಯೇ ಕೈಚೆಲ್ಲಿದ ಮೇಲೆ ಅದಕ್ಕಾಗಿ ಹೊಸ ಆ್ಯಪ್ ಬರೆಯುವವರಾದರೂ ಯಾರು? ದೇಹ ಗಟ್ಟಿಮುಟ್ಟು, ಜೀವ ಮಾತ್ರ ಕ್ಷೀಣ. 99 ಡಾಲರ್ ಕೊಟ್ಟವರಲ್ಲಿ ಅನೇಕರ ಲೆಕ್ಕಾಚಾರ ಇದೇ ಆಗಿತ್ತು: ಇದೇ ದೇಹಕ್ಕೆ ಬೇರೊಂದು ಜೀವ ತುಂಬಲು ಬಾರದೆ?

ಬಂತು. 2011ರ ಅಕ್ಟೋಬರಿನಲ್ಲೇ ಹವ್ಯಾಸಿ ತಂತ್ರಜ್ಞರ ತಂಡವೊಂದು ಟಚ್‌ಪ್ಯಾಡಿನಲ್ಲಿ ಆಂಡ್ರಾಯ್ಡ್ ಓಡಿಸುವ ತಂತ್ರಾಂಶದ ಮೊದಲ ಕಚ್ಚಾ ರೂಪವನ್ನು ಬಿಡುಗಡೆ ಮಾಡಿತು. ಅದರ ಹೆಸರು ಸಯನೋಜೆನ್‌ಮಾಡ್. ಕ್ಯಾಮೆರಾ ಕೆಲಸ ಮಾಡುತ್ತಿರಲಿಲ್ಲ, ವೈಫೈ ಆಗಾಗ ಕೈಕೊಡುತ್ತಿತ್ತು. ಆದರೂ ಯಂತ್ರ ಎದ್ದು ಕುಳಿತಿತು! 2012ರ ಜನವರಿಯಲ್ಲಿ ಆಂಡ್ರಾಯ್ಡ್ 4 ಬಂತು. ಮುಂದೆ 5, 6, 7ನೆಯ ಆವೃತ್ತಿಗಳನ್ನೂ ಹವ್ಯಾಸಿಗಳೇ ಅದಕ್ಕೆ ಹೊಂದಿಸಿದರು. ತಯಾರಕರು 49 ದಿನಕ್ಕೆ ಮುಗಿಸಿದ್ದನ್ನು ಇವರು ವರ್ಷಗಟ್ಟಲೆ ಎಳೆದರು.

ಈ ಕತೆಗೂ ನಮ್ಮ ಮನೆಗೂ ಸಂಬಂಧವಿದೆ. ಇಂದು ಅನೇಕ ಮನೆಗಳ ಬೀರುವಿನಲ್ಲಿ ಹಳೆಯ ಟ್ಯಾಬ್ಲೆಟ್ ಒಂದು ದೂಳು ತಿನ್ನುತ್ತಿರುತ್ತದೆ. ತೆರೆ ಒಡೆದಿಲ್ಲ, ಚಾರ್ಜ್ ಆಗುತ್ತದೆ. ಆದರೆ ಯಾವ ಆ್ಯಪ್ ಹಾಕಲು ಹೋದರೂ ನಿಮ್ಮ ಆವೃತ್ತಿ ಹಳತಾಯಿತು ಎನ್ನುತ್ತದೆ. ಮನೆಯ ಹುಡುಗನೋ ಹುಡುಗಿಯೋ ಬಂದು ಇದನ್ನು ರೂಟ್ ಮಾಡಿ ಹೊಸ ತಂತ್ರಾಂಶ ಹಾಕುತ್ತೇನೆ ಎಂದಾಗ ಅಪ್ಪ ಅಮ್ಮನಿಗೆ ಅನುಮಾನ. ಕಾನೂನಿಗೆ ವಿರುದ್ಧವೇ? ಯಂತ್ರ ಕೆಡುತ್ತದೆಯೇ? ಹಾಳಾದ ಚಟಕ್ಕೆ ಇದು ಪೀಠಿಕೆಯೇ? ಬೇಡ ಎಂದುಬಿಡುವುದು ಸುಲಭ. ಆದರೆ ಅಲ್ಲಿ ನಡೆಯುವುದೇನು ಎಂದು ತಿಳಿದುಕೊಂಡು ಹೂಂ ಅಥವಾ ಉಹೂಂ ಎನ್ನುವುದು ಇನ್ನೂ ಒಳ್ಳೆಯದು.

ವಠಾರದ ಮಾಲೀಕ

ಆಂಡ್ರಾಯ್ಡ್ ಟ್ಯಾಬ್ಲೆಟ್ಟನ್ನು ಹಳೆಯ ಕಾಲದ ವಠಾರಕ್ಕೆ ಹೋಲಿಸಬಹುದು. ಒಂದೊಂದು ಆ್ಯಪ್ ಒಂದೊಂದು ಬಾಡಿಗೆ ಮನೆ. ಪ್ರತಿಯೊಂದಕ್ಕೂ ವ್ಯವಸ್ಥೆಯೊಳಗೆ ಬೇರೆ ಬೇರೆ ಗುರುತಿನ ಸಂಖ್ಯೆ, ಬೇರೆ ಬೇರೆ ಬೀಗ. ಆಟದ ಆ್ಯಪ್ ಬ್ಯಾಂಕಿನ ಆ್ಯಪ್‌ನ ಅಡುಗೆಮನೆಗೆ ಇಣುಕುವಂತಿಲ್ಲ. ಇಡೀ ವಠಾರದ ಎಲ್ಲ ಬೀಗಗಳಿಗೂ ಹೊಂದುವ ಕೀಲಿ ಒಬ್ಬನ ಬಳಿ ಮಾತ್ರ ಇರುತ್ತದೆ. ಯೂನಿಕ್ಸ್ ಕಾಲದಿಂದಲೂ ಅವನ ಹೆಸರು ರೂಟ್, ಅವನ ಸಂಖ್ಯೆ ಸೊನ್ನೆ. ಸ್ವಾರಸ್ಯವೆಂದರೆ, ಹಣ ಕೊಟ್ಟು ಟ್ಯಾಬ್ಲೆಟ್ ಕೊಂಡವರಿಗೆ ಈ ಕೀಲಿಯನ್ನು ಕೊಟ್ಟಿರುವುದಿಲ್ಲ. ಕೊಂಡವರೂ ತಮ್ಮದೇ ವಠಾರದಲ್ಲಿ ಬಾಡಿಗೆದಾರರು! ಆ ಕೀಲಿಯನ್ನು ಪಡೆದುಕೊಳ್ಳುವುದಕ್ಕೇ ರೂಟ್ ಮಾಡುವುದು ಎಂದು ಹೆಸರು.

ಕೀಲಿ ಕೊಡದಿರುವುದು ಬರೀ ದುರಾಸೆಯಿಂದಲ್ಲ. ಮಾಲೀಕನ ಕೀಲಿ ಹಿಡಿದವನು ತಪ್ಪು ಬಾಗಿಲು ತೆಗೆದರೆ ತಡೆಯುವವರಿಲ್ಲ. ರೂಟ್ ಅಧಿಕಾರ ಸಿಕ್ಕ ಒಂದು ದುಷ್ಟ ಆ್ಯಪ್ ಉಳಿದೆಲ್ಲ ಆ್ಯಪ್‌ಗಳ ಗುಟ್ಟನ್ನೂ ಓದಬಲ್ಲದು. ಅನೇಕ ಬ್ಯಾಂಕ್ ಆ್ಯಪ್‌ಗಳು ರೂಟ್ ಆದ ಯಂತ್ರದಲ್ಲಿ ತೆರೆಯಲು ಒಪ್ಪದಿರುವುದು ಇದಕ್ಕೇ.

ಇಲ್ಲಿ ಎರಡು ಕೆಲಸಗಳನ್ನು ಜನ ಕಲಸಿಬಿಡುತ್ತಾರೆ. ರೂಟ್ ಮಾಡುವುದು ಬೇರೆ, ಕಾರ್ಯಾಚರಣಾ ವ್ಯವಸ್ಥೆಯನ್ನೇ ಬದಲಿಸುವುದು ಬೇರೆ. ಮೊದಲನೆಯದರಲ್ಲಿ ವಠಾರ ಹಾಗೆಯೇ ಇರುತ್ತದೆ, ಕೀಲಿ ಮಾತ್ರ ನಿಮ್ಮ ಕೈಗೆ ಬರುತ್ತದೆ. ಎರಡನೆಯದರಲ್ಲಿ ಹಳೆಯ ವಠಾರವನ್ನು ಕೆಡವಿ ಅದೇ ಜಾಗದಲ್ಲಿ ಹೊಸದನ್ನು ಕಟ್ಟುತ್ತೀರಿ. ಹೊಸ ವಠಾರಕ್ಕೆ ಮಾಲೀಕನ ಕೀಲಿ ನಿಮಗೆ ಬೇಕೇಬೇಕೆಂದಿಲ್ಲ. ಸಯನೋಜೆನ್‌ಮಾಡ್‌ನ ಉತ್ತರಾಧಿಕಾರಿಯಾದ ಲಿನಿಯೇಜ್ಓಎಸ್ ರೂಟ್ ಅಧಿಕಾರವಿಲ್ಲದೆಯೇ ಬರುತ್ತದೆ. ಹಳೆಯ ಟ್ಯಾಬ್ಲೆಟ್ಟಿಗೆ ಹೊಸ ಜೀವ ಬರಲಿ ಎಂಬುದಷ್ಟೇ ನಿಮ್ಮ ಬಯಕೆಯಾದರೆ ಅಲ್ಲಿಗೆ ನಿಲ್ಲಿಸುವುದು ಜಾಣತನ.

ಹೊಸಿಲಲ್ಲಿ ಕಾವಲುಗಾರನೂ ಒಬ್ಬನಿದ್ದಾನೆ. ಯಂತ್ರ ಚಾಲೂ ಮಾಡಿದೊಡನೆ ಮೊದಲು ಏಳುವ ಪುಟ್ಟ ತಂತ್ರಾಂಶಕ್ಕೆ ಬೂಟ್‌ಲೋಡರ್ ಎಂದು ಹೆಸರು. ಪರೀಕ್ಷಾ ಕೇಂದ್ರದಲ್ಲಿ ಪ್ರಶ್ನೆಪತ್ರಿಕೆಯ ಕಟ್ಟು ಒಡೆಯುವ ಮುನ್ನ ಅರಗಿನ ಮೊಹರು ಸರಿಯಿದೆಯೇ ಎಂದು ನೋಡುವಂತೆ, ಒಳಗಿನ ವ್ಯವಸ್ಥೆಯ ಮೇಲೆ ತಯಾರಕರ ಗಣಿತದ ಮೊಹರು ಇದೆಯೇ ಎಂದು ಇದು ಪರೀಕ್ಷಿಸುತ್ತದೆ. ಇಲ್ಲದಿದ್ದರೆ ಒಳಗೆ ಬಿಡುವುದಿಲ್ಲ. ಗೂಗಲ್‌ನ ನೆಕ್ಸಸ್ ಸರಣಿಯಂಥ ಯಂತ್ರಗಳಲ್ಲಿ ಈ ಕಾವಲನ್ನು ಸಡಿಲಿಸಲು ಅಧಿಕೃತ ದಾರಿಯೇ ಇತ್ತು. ಆದರೆ ಹಾಗೆ ಸಡಿಲಿಸಿದ ಕೂಡಲೇ ಒಳಗಿರುವ ಫೋಟೋ, ಪತ್ರ, ಲೆಕ್ಕ ಎಲ್ಲವೂ ಅಳಿಸಿಹೋಗುತ್ತದೆ. ಇದನ್ನು ಶಿಕ್ಷೆ ಎಂದುಕೊಳ್ಳಬೇಡಿ. ಕದ್ದವನು ಬೀಗ ಸಡಿಲಿಸಿ, ತನ್ನ ತಂತ್ರಾಂಶ ಹಾಕಿ, ನಿಮ್ಮ ಫೋಟೋಗಳನ್ನು ತೆಗೆಯದಿರಲಿ ಎಂಬ ಮುನ್ನೆಚ್ಚರಿಕೆ.

ಟಚ್‌ಪ್ಯಾಡಿನ ಕಾವಲುಗಾರ ಮಾತ್ರ ಬಲು ಉದಾರಿ. ಅದರ ಹುಡುಕುವ ಪೆಟ್ಟಿಗೆಯಲ್ಲಿ ವೆಬ್‌ಓಎಸ್ ಎಂಬ ಪದದ ಪಕ್ಕದಲ್ಲೇ 20090606 ಎಂದು ಒತ್ತಿದರೆ ಡೆವಲಪರುಗಳ ಬಾಗಿಲು ತೆರೆಯುತ್ತಿತ್ತು. ಆ ಅಂಕೆಗಳು 2009ರ ಜೂನ್ 6, ಅಂದರೆ ವೆಬ್‌ಓಎಸ್ ಹೊತ್ತ ಮೊದಲ ಫೋನು ಪಾಮ್ ಪ್ರೀ ಮಾರುಕಟ್ಟೆಗೆ ಬಂದ ದಿನಾಂಕ. ಧ್ವನಿ ಹೆಚ್ಚಿಸುವ ಗುಂಡಿಯನ್ನು ಒತ್ತಿಹಿಡಿದು ಯಂತ್ರ ಎಬ್ಬಿಸಿದರೆ ತೆರೆಯ ಮೇಲೆ ಯುಎಸ್‌ಬಿ ಚಿಹ್ನೆ ಮೂಡಿ, ಕಂಪ್ಯೂಟರಿನಿಂದ ತಂತ್ರಾಂಶ ಇಳಿಸಿಕೊಳ್ಳಲು ಅದು ಸಿದ್ಧವಾಗುತ್ತಿತ್ತು. ಇನ್ನೊಂದು ಅನುಕೂಲವೂ ಇತ್ತು. ವೆಬ್‌ಓಎಸ್ ಮತ್ತು ಆಂಡ್ರಾಯ್ಡ್ ಎರಡೂ ನಿಂತಿರುವುದು ಲಿನಕ್ಸ್ ಎಂಬ ಒಂದೇ ಬುನಾದಿಯ ಮೇಲೆ. ಲಿನಕ್ಸಿನ ಪರವಾನಗಿಯ ಪ್ರಕಾರ, ಅದನ್ನು ಬಳಸಿ ಸಾಧನ ಮಾರುವವರು ತಾವು ಮಾಡಿದ ಮಾರ್ಪಾಟುಗಳ ಮೂಲ ಪಾಠವನ್ನೂ ಒದಗಿಸಬೇಕು. ಹವ್ಯಾಸಿಗಳಿಗೆ ಹಿಡಿದುಕೊಳ್ಳಲು ಒಂದು ಎಳೆ ಸಿಕ್ಕಂತಾಯಿತು. ಆಂಡ್ರಾಯ್ಡ್ ಹಾಕಿದ ಮೇಲೂ ವೆಬ್‌ಓಎಸ್ ಅಳಿಯುತ್ತಿರಲಿಲ್ಲ. ಎಬ್ಬಿಸುವಾಗಲೆಲ್ಲ ಒಂದು ಪಟ್ಟಿ ಕಾಣಿಸಿ, ಇವತ್ತು ಯಾವುದು ಬೇಕು ಎಂದು ಕೇಳುತ್ತಿತ್ತು. ಹಿಂತಿರುಗುವ ದಾರಿ ತೆರೆದೇ ಇತ್ತು. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಯಂತ್ರ ಸಿಗುವುದು ಕಷ್ಟ.

ಕನ್ನಡಕ್ಕಾಗಿ ಬೀಗ ಒಡೆದವರು

ಕನ್ನಡಿಗರಿಗೆ ರೂಟ್ ಮಾಡುವ ಅಗತ್ಯ ಬಿದ್ದದ್ದು ಆಟಕ್ಕಲ್ಲ, ಅಕ್ಷರಕ್ಕೆ. ಆಂಡ್ರಾಯ್ಡ್ 2ರ ಕಾಲದ ಬಹುತೇಕ ಯಂತ್ರಗಳಲ್ಲಿ ಕನ್ನಡ ಪುಟ ತೆರೆದರೆ ಸಾಲುಸಾಲಾಗಿ ಖಾಲಿ ಚೌಕಗಳು. ಅಕ್ಷರಶೈಲಿಯ ಕಡತವನ್ನು ಇಡಬೇಕಾದ ಜಾಗ ವ್ಯವಸ್ಥೆಯ ಕಡತಕೋಶ. ಅಲ್ಲಿಗೆ ಕೈಹಾಕಲು ರೂಟ್ ಅಧಿಕಾರ ಬೇಕು. ಹಾಗಾಗಿ ಕನ್ನಡ ಓದುವ ಆಸೆಗೆ ಬಿದ್ದವರು ಫೋನನ್ನೇ ರೂಟ್ ಮಾಡಿ ಕನ್ನಡ ಅಕ್ಷರಗಳನ್ನು ಅಲ್ಲಿಟ್ಟರು. ಚೌಕಗಳೇನೋ ಹೋದವು. ಆದರೆ ಒತ್ತಕ್ಷರಗಳು ಕೂಡಿಕೊಳ್ಳದೆ ಅಕ್ಷರಗಳು ಚದುರಿಹೋದವು. ಅಕ್ಷರದ ಆಕಾರ ಸಿಕ್ಕರೆ ಸಾಲದು, ಅವುಗಳನ್ನು ಸಂಯೋಜಿಸುವ ಜ್ಞಾನವೂ ವ್ಯವಸ್ಥೆಯೊಳಗೆ ಇರಬೇಕಲ್ಲ! 2012ರಲ್ಲಿ ಬಂದ ಆಂಡ್ರಾಯ್ಡ್ 4.1 ಕನ್ನಡ, ತೆಲುಗು, ಮಲಯಾಳಂಗಳಿಗೆ ಬೆಂಬಲ ತಂದಿತು. ಅಧಿಕೃತ ನವೀಕರಣ ನಿಂತುಹೋದ ಯಂತ್ರಗಳಿಗೆ ಸಯನೋಜೆನ್‌ಮಾಡ್‌ನಂಥ ಬದಲಿ ತಂತ್ರಾಂಶದ ಮೂಲಕ ಆ ಆವೃತ್ತಿ ಬಂದಾಗ ಅದರೊಂದಿಗೆ ಕನ್ನಡವೂ ಬಂತು.

ಸಯನೋಜೆನ್‌ಮಾಡ್ 2009ರಲ್ಲಿ ಸ್ಟೀವ್ ಕಾಂಡಿಕ್ ಎಂಬ ಅಮೆರಿಕದ ತಂತ್ರಜ್ಞರು ಹುಟ್ಟುಹಾಕಿದ್ದು. ಮೊತ್ತಮೊದಲ ಆಂಡ್ರಾಯ್ಡ್ ಫೋನನ್ನು ತಮಗೆ ಬೇಕಾದಂತೆ ತಿದ್ದಿಕೊಳ್ಳಲು ಹೊರಟದ್ದು ಬೆಳೆಯಿತು. ಅದೇ ವರ್ಷ ಗೂಗಲ್ ಅವರಿಗೆ ನೋಟಿಸು ಕಳಿಸಿತು. ಆಂಡ್ರಾಯ್ಡ್ ಎಲ್ಲರದು, ಆದರೆ ಅದರ ಮೇಲೆ ಕೂರುವ ಜಿಮೇಲ್, ಯೂಟ್ಯೂಬ್‌ನಂಥ ಆ್ಯಪ್‌ಗಳು ತನ್ನ ಸ್ವತ್ತು, ಅವನ್ನು ಸೇರಿಸಿ ಹಂಚಬಾರದು ಎಂಬುದು ಅದರ ವಾದ. ಬದಲಿ ತಂತ್ರಾಂಶ ಹಾಕುವವರು ಗೂಗಲ್ ಆ್ಯಪ್‌ಗಳನ್ನು ಪ್ರತ್ಯೇಕವಾಗಿ ಹಾಕಿಕೊಳ್ಳುವ ಪದ್ಧತಿ ಅಂದಿನಿಂದ ಇಂದಿಗೂ ನಡೆದುಬಂದಿದೆ. ಮುಂದೆ ಈ ಹವ್ಯಾಸವೇ ಕಂಪನಿಯಾಯಿತು. 2014ರ ಡಿಸೆಂಬರಿನಲ್ಲಿ ಭಾರತದಲ್ಲಿ ಸಯನೋಜೆನ್ ಬಳಸುವ ಏಕಸ್ವಾಮ್ಯ ತನ್ನದು ಎಂದು ಮೈಕ್ರೋಮ್ಯಾಕ್ಸ್ ಕಂಪನಿ ಒನ್‌ಪ್ಲಸ್ ವಿರುದ್ಧ ದೆಹಲಿ ಹೈಕೋರ್ಟಿಗೆ ಹೋಯಿತು. ಎಲ್ಲರಿಗೂ ಪುಕ್ಕಟೆ ಎಂದು ಹುಟ್ಟಿದ್ದರ ಹಕ್ಕಿಗಾಗಿ ನ್ಯಾಯಾಲಯದಲ್ಲಿ ಜಗಳ! ಕಂಪನಿ 2016ರ ಡಿಸೆಂಬರಿನಲ್ಲಿ ಸಯನೋಜೆನ್ ಸೇವೆಗಳನ್ನು ನಿಲ್ಲಿಸಿತು. ಹವ್ಯಾಸಿಗಳು ಮಾತ್ರ ಅದೇ ತಿಂಗಳು ಮೂಲ ಪಾಠವನ್ನು ಎತ್ತಿಕೊಂಡು ಲಿನಿಯೇಜ್ಓಎಸ್ ಎಂಬ ಹೆಸರಿನಲ್ಲಿ ಮುಂದುವರಿಸಿದರು.

ಯಾವುದು ವಾಸಿಯಾಗುತ್ತದೆ, ಯಾವುದಿಲ್ಲ

ಬದಲಿ ತಂತ್ರಾಂಶ ಸರ್ವರೋಗಕ್ಕೂ ಮದ್ದಲ್ಲ. ಇದಕ್ಕೆ 2012ರಲ್ಲಿ ಬಂದ ನೆಕ್ಸಸ್ 7 ಒಳ್ಳೆಯ ಉದಾಹರಣೆ. ಗೂಗಲ್‌ಗಾಗಿ ಏಸುಸ್ ತಯಾರಿಸಿದ, 199 ಡಾಲರಿಗೆ ಸಿಗುತ್ತಿದ್ದ 7 ಅಂಗುಲದ ಈ ಟ್ಯಾಬ್ಲೆಟ್ ಮೊದಲು ಚುರುಕಾಗಿತ್ತು. ತಿಂಗಳುಗಳು ಕಳೆದಂತೆ ಮಂದವಾಯಿತು. ಕಾರಣ ಅದರ ಫ್ಲ್ಯಾಶ್ ಸ್ಮೃತಿಯಲ್ಲಿ. ಸ್ಲೇಟಿನ ಮೇಲಿನ ಒಂದು ಅಕ್ಷರ ತಿದ್ದಲು ಇಡೀ ಸ್ಲೇಟನ್ನೇ ಒರೆಸಿ ಮತ್ತೆಲ್ಲ ಬರೆಯಬೇಕು ಎಂದಾದರೆ ಹೇಗಿರುತ್ತದೆ? ಫ್ಲ್ಯಾಶ್ ಸ್ಮೃತಿಯದೂ ಇದೇ ಗತಿ. ಬರೆಯುವುದು ಚಿಕ್ಕ ಚಿಕ್ಕ ತುಣುಕುಗಳಲ್ಲಿ, ಅಳಿಸುವುದು ಮಾತ್ರ ದೊಡ್ಡ ದೊಡ್ಡ ಗುಂಪುಗಳಲ್ಲಿ. ಯಾವ ತುಣುಕು ಇನ್ನು ಬೇಡ ಎಂದು ವ್ಯವಸ್ಥೆ ಮೊದಲೇ ತಿಳಿಸದಿದ್ದರೆ ಸ್ಮೃತಿ ಬೇಡದ್ದನ್ನೆಲ್ಲ ಜತನದಿಂದ ಹೊತ್ತು ತಿರುಗುತ್ತದೆ. 2013ರ ಜುಲೈನಲ್ಲಿ ಬಂದ ಆಂಡ್ರಾಯ್ಡ್ 4.3ರಲ್ಲಿ ಹಾಗೆ ತಿಳಿಸುವ ಏರ್ಪಾಟು ಬಂದಾಗ ನೆಕ್ಸಸ್ 7 ಮತ್ತೆ ಚುರುಕಾಯಿತು. ಕಾಯಿಲೆ ತಂತ್ರಾಂಶದ್ದು, ಮದ್ದೂ ತಂತ್ರಾಂಶದ್ದೇ.

ಆಮೇಲೆ ಆಂಡ್ರಾಯ್ಡ್ 5 ಬಂತು. ಭಾರ ಹೆಚ್ಚಿತು, ಟ್ಯಾಬ್ಲೆಟ್ ಮತ್ತೆ ಏದುಸಿರು ಬಿಟ್ಟಿತು. 2015ರ 5.1.1 ಅದಕ್ಕೆ ಸಿಕ್ಕ ಕೊನೆಯ ಅಧಿಕೃತ ಆವೃತ್ತಿ. ಆಗ ಅನೇಕರು ಬೂಟ್‌ಲೋಡರ್ ಸಡಿಲಿಸಿ 4.4ಕ್ಕೆ ಮರಳಿದರು. ಹೊಸದು ಎಂದ ಮಾತ್ರಕ್ಕೆ ಒಳ್ಳೆಯದು ಎನ್ನುವಂತಿಲ್ಲ. 1 ಗಿಗಾಬೈಟ್ ರ‍್ಯಾಮ್ ಇರುವ ಯಂತ್ರಕ್ಕೆ ಹತ್ತು ವರ್ಷ ಹೊಸದಾದ ವ್ಯವಸ್ಥೆ ತುರುಕಿದರೆ ಮುದಿ ಎತ್ತಿಗೆ ಕಬ್ಬಿನ ಗಾಡಿ ಕಟ್ಟಿದಂತೆ. ಸವೆದ ಬ್ಯಾಟರಿಯನ್ನಂತೂ ಯಾವ ತಂತ್ರಾಂಶವೂ ಹೊಸದು ಮಾಡಲಾರದು. ಹಿಂಬದಿ ಉಬ್ಬಿದ ಟ್ಯಾಬ್ಲೆಟ್ ಇದ್ದರೆ ಚಾರ್ಜಿಗೆ ಹಾಕುವುದನ್ನೇ ನಿಲ್ಲಿಸಿ, ಪ್ರಯೋಗದ ಮಾತು ಬಿಡಿ.

ಹಳೆಯ ಆವೃತ್ತಿಯಲ್ಲೇ ನಿಂತರೂ ತೊಂದರೆಯಿದೆ. ಜಾಲತಾಣಗಳು ತಾವು ಅಸಲಿ ಎಂದು ತೋರಿಸಲು ಒಂದು ಪ್ರಮಾಣಪತ್ರ ಒಡ್ಡುತ್ತವೆ. ಅದನ್ನು ನಂಬಬೇಕೇ ಬೇಡವೇ ಎಂದು ಹೇಳುವ ಪಟ್ಟಿ ಟ್ಯಾಬ್ಲೆಟ್ಟಿನೊಳಗೆ ಇರುತ್ತದೆ. ಆಂಡ್ರಾಯ್ಡ್ 7.1.1ಕ್ಕಿಂತ ಹಿಂದಿನ ಪಟ್ಟಿಯಲ್ಲಿ, ಅಸಂಖ್ಯ ತಾಣಗಳಿಗೆ ಉಚಿತ ಪ್ರಮಾಣಪತ್ರ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಮೂಲ ಸಹಿ ಇಲ್ಲ. ಹಳೆಯ ಯಂತ್ರಗಳಿಗಾಗಿ ಮಾಡಿದ್ದ ತಾತ್ಕಾಲಿಕ ಏರ್ಪಾಟೂ 2024ರಲ್ಲಿ ಮುಗಿಯಿತು. ಯಂತ್ರ ಕೆಟ್ಟಿಲ್ಲ, ನೆಟ್ ಸಂಪರ್ಕ ಇದೆ, ಆದರೂ ತಾಣ ತೆರೆಯುವುದಿಲ್ಲ ಎಂಬ ಒಗಟಿಗೆ ಅನೇಕ ಸಲ ಇದೇ ಕಾರಣ.

ಹಾಗಿದ್ದರೆ ಯಾವ ಟ್ಯಾಬ್ಲೆಟ್ ಪ್ರಯೋಗಕ್ಕೆ ಯೋಗ್ಯ? ಮನೆಯವರಾರೂ ಬಳಸದ, ಬ್ಯಾಂಕು, ಯುಪಿಐ, ಅಪ್ಪನ ಇಮೇಲ್ ಯಾವುದೂ ಇಲ್ಲದ, ಕೆಟ್ಟರೂ ಕಣ್ಣೀರು ಬಾರದ ಯಂತ್ರ. ಶಾಲೆಯವರೋ ಸರಕಾರವೋ ಬಳಸಲು ಕೊಟ್ಟ ಟ್ಯಾಬ್ಲೆಟ್ಟನ್ನು ಮುಟ್ಟಬಾರದು, ಅದರ ಮಾಲೀಕರು ನೀವಲ್ಲ. ಖಾತರಿಯ ಅವಧಿ ಇದ್ದರೂ ಬೇಡ.

ಕಾನೂನಿನ ಮಾತು. ಅಮೆರಿಕದಲ್ಲಿ ಬೀಗ ತೆಗೆಯುವುದಕ್ಕೆ 2010ರಲ್ಲಿ ವಿನಾಯಿತಿ ಸಿಕ್ಕಿದ್ದು ಫೋನುಗಳಿಗೆ ಮಾತ್ರ. 2012ರಲ್ಲಿ ಟ್ಯಾಬ್ಲೆಟ್ಟಿಗೂ ಕೊಡಿ ಎಂದಾಗ, ಟ್ಯಾಬ್ಲೆಟ್ ಎಂದರೆ ಯಾವುದು ಎಂಬ ವ್ಯಾಖ್ಯೆಯೇ ಸ್ಪಷ್ಟವಿಲ್ಲವೆಂದು ನಿರಾಕರಿಸಿದರು. ಕೊಟ್ಟದ್ದು 2015ರಲ್ಲಿ. ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಎ ವಿಧಿ, ಕೃತಿಸ್ವಾಮ್ಯದ ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ಬೀಗ ಮುರಿಯುವವರನ್ನು ಗುರಿಯಾಗಿಟ್ಟುಕೊಂಡಿದೆ. ಇಲ್ಲಿ ಉದ್ದೇಶ ಎಂಬ ಮಾತು ಮುಖ್ಯ. ಸ್ವಂತ ಯಂತ್ರಕ್ಕೆ ಮುಕ್ತ ತಂತ್ರಾಂಶ ಹಾಕುವುದು ಒಂದು, ಬೀಗ ಒಡೆದು ಸಿನಿಮಾ ಕದಿಯುವುದು ಇನ್ನೊಂದು.

ಒಂದೇ ಸಲ ಬೆರಳಿಟ್ಟರೆ ರೂಟ್ ಆಗುತ್ತದೆ ಎನ್ನುವ ಆ್ಯಪ್‌ಗಳ ಬಗ್ಗೆ ಮಕ್ಕಳಿಗೆ ವಿಶೇಷವಾಗಿ ಹೇಳಬೇಕು. 2014ರ ಜೂನಿನಲ್ಲಿ ಟವಲ್‌ರೂಟ್ ಎಂಬುದು ಬಂದಿತ್ತು. ಲಿನಕ್ಸಿನಲ್ಲಿ ಆಗಷ್ಟೇ ಪತ್ತೆಯಾದ ಬಿರುಕೊಂದನ್ನು ಬಳಸಿ ಅನೇಕ ಫೋನುಗಳನ್ನು ಕ್ಷಣದಲ್ಲಿ ರೂಟ್ ಮಾಡುತ್ತಿತ್ತು. ಹುಡುಗರಿಗೆ ಅದು ಚಮತ್ಕಾರ. ಆದರೆ ಯೋಚಿಸಿ ನೋಡಿ: ನಿಮ್ಮ ಅಪ್ಪಣೆಯಿಂದ ಒಂದು ಆ್ಯಪ್ ಆ ಬಿರುಕಿನಲ್ಲಿ ನುಸುಳಬಹುದಾದರೆ, ಅಪ್ಪಣೆ ಕೇಳದೆ ಇನ್ನೊಂದು ಆ್ಯಪ್ ನುಸುಳದೆ? ಹೀಗೆ ಸುಲಭವಾಗಿ ರೂಟ್ ಆಗುವ ಟ್ಯಾಬ್ಲೆಟ್ ಎಂದರೆ ಬೀಗ ಆಗಲೇ ಮುರಿದಿರುವ ಮನೆ. ಅಂಥದರಲ್ಲಿ ಹಣದ ವ್ಯವಹಾರ ಬೇಡವೇ ಬೇಡ.

ಅಧಿಕೃತ ದಾರಿಯಲ್ಲೇ ಹೋಗುವವರು ಮೊದಲು ಯಂತ್ರದ ಮಾದರಿ ಸಂಖ್ಯೆಯನ್ನು ಅಕ್ಷರ ಬಿಡದೆ ಬರೆದುಕೊಳ್ಳಬೇಕು. ಒಂದೇ ಹೆಸರಿನಲ್ಲಿ ವೈಫೈ ಮಾತ್ರದ್ದು, ಸಿಮ್ ಹಾಕುವಂಥದ್ದು ಎಂದು ಬೇರೆ ಬೇರೆ ಇರುತ್ತವೆ. ಒಂದರ ತಂತ್ರಾಂಶ ಇನ್ನೊಂದಕ್ಕೆ ಹಾಕಿದರೆ ಟ್ಯಾಬ್ಲೆಟ್ ಇಟ್ಟಿಗೆಯಾಗುತ್ತದೆ. ಈ ಕ್ಷೇತ್ರದವರು ಬಳಸುವ ಪದವೇ ಇಟ್ಟಿಗೆ, ಭಾರವಿದೆ, ಬೆಳಕಿಲ್ಲ. ಎರಡನೆಯದು, ಇಳಿಸಿಕೊಂಡ ಕಡತ ಸರಿಯಾಗಿದೆಯೇ ಎಂದು ತಾಳೆ ನೋಡುವುದು. 23ನ್ನು 14ರಿಂದ ಗುಣಿಸಿದರೆ 322. ಇದು ಸರಿಯೇ? 2 ಮತ್ತು 3 ಕೂಡಿದರೆ 5, 1 ಮತ್ತು 4 ಕೂಡಿದರೆ 5. ಐದೈದಲ 25, ಅದರ ಅಂಕೆಗಳ ಮೊತ್ತ 7. 322ರ ಅಂಕೆಗಳ ಮೊತ್ತವೂ 7. ತಾಳೆಯಾಯಿತು. ಈ ತಾಳೆಯಲ್ಲಿ ಒಂದು ಲೋಪವಿದೆ. 322ರ ಬದಲು 232 ಎಂದು ಬರೆದರೂ ಮೊತ್ತ 7 ಬಂದು ತಪ್ಪು ತಪ್ಪಿಸಿಕೊಳ್ಳುತ್ತದೆ. ಕಡತಗಳಿಗೆ ಬಳಸುವ ಎಸ್‌ಎಚ್‌ಎ 256 ಎಂಬ ತಾಳೆ ಅಷ್ಟು ಸಡಿಲವಲ್ಲ. ಗಿಗಾಬೈಟ್ ಗಾತ್ರದ ಕಡತದಲ್ಲಿ ಒಂದು ಬಿಟ್ ಅದಲುಬದಲಾದರೂ 64 ಚಿಹ್ನೆಗಳ ಅದರ ಉತ್ತರ ಪೂರ್ತಿ ಬೇರೆಯೇ ಆಗುತ್ತದೆ. ತಯಾರಿಸಿದವರು ಪ್ರಕಟಿಸಿದ ಉತ್ತರ ಮತ್ತು ನಿಮ್ಮ ಕಂಪ್ಯೂಟರ್ ಕೊಟ್ಟ ಉತ್ತರ ಒಂದೇ ಆಗಿದ್ದರೆ ಮಾತ್ರ ಮುಂದಿನ ಹೆಜ್ಜೆ. ಪ್ರೌಢಶಾಲೆಯ ಮಕ್ಕಳು ಇದೊಂದನ್ನು ಅರ್ಥ ಮಾಡಿಕೊಂಡರೂ ಇಡೀ ಪ್ರಯೋಗದ ಖರ್ಚು ಗಿಟ್ಟಿದಂತೆ.

ಮೂಲ ತಂತ್ರಾಂಶದ ಒಂದು ಪ್ರತಿ ಕಂಪ್ಯೂಟರಿನಲ್ಲಿ ಇರಲಿ, ಹಿಂತಿರುಗಲು ಬೇಕಾಗುತ್ತದೆ. ಫೋಟೋಗಳ ನಕಲು ಬೇರೆಡೆ ಇರಲಿ. ಬ್ಯಾಟರಿ ಅರ್ಧಕ್ಕಿಂತ ಹೆಚ್ಚಿರಲಿ. ನಮ್ಮಲ್ಲಿ ಕರೆಂಟು ಹೇಳಿ ಕೇಳಿ ಹೋಗುವುದಿಲ್ಲ, ಆದ್ದರಿಂದ ಮೇಜಿನ ಕಂಪ್ಯೂಟರಿಗಿಂತ ಲ್ಯಾಪ್‌ಟಾಪಿನಿಂದ ಮಾಡುವುದು ಕ್ಷೇಮ.

ಎಲ್ಲ ಮುಗಿದು ಟ್ಯಾಬ್ಲೆಟ್ ಮೊದಲ ಸಲ ಏಳುವಾಗ ಲಾಂಛನವೊಂದು ತೆರೆಯ ಮೇಲೆ ಆಡುತ್ತಲೇ ಇರುತ್ತದೆ. ಐದು ನಿಮಿಷ, ಹತ್ತು ನಿಮಿಷ, ಕೆಲವೊಮ್ಮೆ ಇನ್ನೂ ಹೆಚ್ಚು. ಕೆಟ್ಟೇಹೋಯಿತು ಎಂದು ಮನೆಮಂದಿಯೆಲ್ಲ ಮುಖ ಮುಖ ನೋಡಿಕೊಳ್ಳುವ ಹೊತ್ತು ಇದು. ಆಂಡ್ರಾಯ್ಡ್ 5 ಮತ್ತು 6ರಲ್ಲಿ ವ್ಯವಸ್ಥೆ ಆಗ ಒಂದೊಂದೇ ಆ್ಯಪನ್ನು ಪ್ರೊಸೆಸರ್‌ನ ಭಾಷೆಗೆ ಅನುವಾದಿಸಿ ಇಟ್ಟುಕೊಳ್ಳುತ್ತಿರುತ್ತದೆ. ಹಳೆಯ ಪ್ರೊಸೆಸರ್ ಅಲ್ಲವೇ, ನಿಧಾನವಾಗಿಯೇ ಮಾಡುತ್ತದೆ. ಗುಂಡಿ ಒತ್ತಿ ಆರಿಸಬೇಡಿ. ಚಾರ್ಜರ್ ಸಿಕ್ಕಿಸಿ, ಮೇಜಿನ ಮೇಲಿಟ್ಟು, ಅರ್ಧ ಗಂಟೆ ಅದರ ಪಾಡಿಗೆ ಬಿಡಿ.